ಬದರಿನಾಥರ ಕುರು

ಎಪ್ಪತ್ತೆಂಟನೇ ಇಸವಿ. ಎಗ್ಮೋರಿನಲ್ಲಿ ಹೋಟೆಲು ನಡೆಸುವ ಸುಬ್ರಾಯರ ಮಗಳು ಡಾಕ್ಟರ್ ಚಂದ್ರಮತಿಗೆ ಸರ್ಜರಿ ಕಲಿಯುವ ಸೀಟು ಸಿಕ್ಕಿತ್ತು. ಸೋಮವಾರ ಹೋಗಿ ಸೇರದಿದ್ದರೆ ಅದು ಬೇರೆಯವರ ಪಾಲು. ಸರಿಯಾಗಿ ಭಾನುವಾರವೇ ಬೆಸೆಂಟ್ ನಗರದಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿಳಿದರು.

ಗಂಡು ಕೃಷ್ಣರಾಜ, ಬ್ಯಾಂಕಿನಲ್ಲಿ ಆಫೀಸರು. ಬಾಯಿ ತೆರೆದದ್ದು ತಿನ್ನುವುದಕ್ಕೆ ಮಾತ್ರ. ಮಾತೆಲ್ಲ ಅವನ ಅಪ್ಪ ಬದರಿನಾಥರದು. ಸೊಸೆ ಡಾಕ್ಟರಾದರೆ ಮನೆಗೆ ಭೂಷಣವಂತೆ, ಬಾಗಿಲಿಗೆ ಬೋರ್ಡನ್ನೂ ತಾವೇ ಬರೆಸುತ್ತಾರಂತೆ. ಹೆರಿಗೆಯೋ ಮಕ್ಕಳ ಕಾಯಿಲೆಯೋ ನೋಡಿಕೊಂಡಿರಲಿ. ಗಂಡಸರ ಮೈ ಮುಟ್ಟಿ ಕೊಯ್ಯುವ ಹೊಲಸು ಕೆಲಸ ಮಾತ್ರ ತಮ್ಮ ಮನೆತನಕ್ಕೆ ಹೇಳಿದ್ದಲ್ಲವಂತೆ. ಇಷ್ಟನ್ನೂ ಸಜ್ಜಿಗೆ-ಅವಲಕ್ಕಿ ಜಗಿಯುತ್ತಲೇ ಹೇಳಿದರು. ಹೋಟೆಲಿನಲ್ಲಿ ಹುಲಿಯಂತೆ ಗದರುವ ಸುಬ್ರಾಯರು ಇಲ್ಲಿ ಕೋಲೆಬಸವನ ಹಾಗೆ ತಲೆಯಾಡಿಸಿದರು. ಸೀಟು ಬಿಡುತ್ತಾಳೆ ಎಂದು ಮಗಳನ್ನು ಕೇಳದೆಯೇ ಮಾತೂ ಕೊಟ್ಟರು. ಚಂದ್ರಮತಿಗೆ ಅಪ್ಪನ ಮೇಲೇ ಅಸಹ್ಯ ಹುಟ್ಟಿತು.

ಕೈ ತೊಳೆಯುವ ನೆವದಲ್ಲಿ ಒಳಗೆ ಬಂದ ಬದರಿನಾಥರು ಅವಳನ್ನು ಪಕ್ಕದ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಕೂರುವ ಜಾಗದಲ್ಲೇ ಕುರು ಎದ್ದಿದೆಯಂತೆ, ಪ್ರಾಣ ಹೋಗುತ್ತಿದೆಯಂತೆ. ಅವಳು ಹೂಂ ಉಹೂಂ ಅನ್ನುವ ಮೊದಲೇ ಪಂಚೆ ಸಡಿಲಿಸಿ ತಿರುಗಿ ನಿಂತರು.

"ಬೇರೆ ಡಾಕ್ಟ್ರಿಗೆ ತೋರಿಸ್ಲಿಕ್ಕೆ ನಾಚಿಕೆ ಆಗ್ತದೆ ಮಗಾ. ನೀನು ಹೇಗೂ ನಮ್ಮ ಮನೆಗೆ ಬರುವವಳಲ್ವಾ, ಇಲ್ಲೇ ಸ್ವಲ್ಪ ಕೊಯ್ದುಬಿಡು. ಯಾರಿಗೂ ಹೇಳುದು ಬೇಡ."

ಕೀವಿಗೆ ಹೇಸುವ ಹೆಣ್ಣಲ್ಲ ಅವಳು. ರೋಗಿಗಳ ಹುಳ ಬಿದ್ದ ಕಾಲು ತೊಳೆದು, ಕೈ ಶುದ್ಧ ಮಾಡಿಕೊಂಡು, ಹೋಗಿ ಹೊಟ್ಟೆ ತುಂಬ ಉಂಡವಳು. ಅವಳಿಗೆ ಹೇಸಿಗೆಯಾದದ್ದು ಕೊಯ್ಯುವುದು ಹೊಲಸು ಎಂದು ಈಗಷ್ಟೇ ಜಗಿಯುತ್ತ ಹೇಳಿ ಬಂದ ಆ ಬಾಯಿಯ ಬಗ್ಗೆ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ! ಪಂಚೆ ಕಟ್ಟಿಕೊಳ್ಳಿ ಎಂದವಳೇ ಬಾಗಿಲು ತೆರೆದು ಹಾಲಿಗೆ ಬಂದಳು.

"ಅಪ್ಪಾ, ಇವರ ಕುಂಡೆಯಲ್ಲಿ ಕುರು ಉಂಟಂತೆ. ಇಲ್ಲೇ ಕೊಯ್ಲಿಕ್ಕೆ ನನ್ನತ್ರ ಹೇಳ್ತಿದ್ದಾರೆ."

ಪಂಚೆ ಕಟ್ಟುತ್ತ ಹಿಂದೆಯೇ ಬಂದ ಬದರಿನಾಥರ ಕಡೆಗೆ ಯಾರೂ ತಿರುಗಲಿಲ್ಲ. ಎಲ್ಲರೂ ಮುಖ ಕಿವುಚಿ ನೋಡಿದ್ದು ಅವಳನ್ನೇ. ಹೆಣ್ಣು ಹುಡುಗಿ ಬಾಯಲ್ಲಿ ಆಡುವ ಮಾತಾ ಇದು ಎಂದು ಅವಳ ತಾಯಿ ರತ್ನಾವತಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಹೆತ್ತ ತಾಯಿ! ಸುಬ್ರಾಯರು ಮಾತ್ರ ತಲೆ ತಗ್ಗಿಸಿ, ಹಾಗಾದರೆ ಇವರು ಎಲ್ಲಿ ತೋರಿಸಬೇಕು ಎಂದು ಮೆಲ್ಲಗೆ ಕೇಳಿದರು.

"ನಾಳೆ ಆಸ್ಪತ್ರೆಗೆ ಬರ್ಲಿ, ಗಂಡಸರ ವಾರ್ಡಿಗೆ" ಎಂದಳು ಚಂದ್ರಮತಿ. "ನಾಳೆಯಿಂದ ನಾನು ಅಲ್ಲೇ ಇರ್ತೇನೆ."