ನಿಲ್ಲಿಸುವ ಗುಂಡಿ

ಜೀನತಳ ಬಲಗೈಯ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ಆರು ವರ್ಷದ ಹಿಂದೆ ಧಾರಾವಿಯ ಕಾರ್ಖಾನೆಯೊಂದರಲ್ಲಿ, ಬ್ಯಾಗಿಗೆ ಚರ್ಮ ಕತ್ತರಿಸುವ ಪ್ರೆಸ್ಸಿನಡಿ ಅವು ಹೋದವು. ಆಮೇಲೆ ಅಲ್ಲೇ ಒಂದು ಮೂಲೆಯಲ್ಲಿ ಕೂತು, ಹೊಲಿದು ಬಂದ ಬ್ಯಾಗುಗಳ ಉಳಿದ ದಾರ ಕತ್ತರಿಸುವ ಕೆಲಸ ಸಿಕ್ಕಿತು. ವಯಸ್ಸು ಮೂವತ್ತೆಂಟು, ತವರೂರು ಇಂಡಿ, ಅಲ್ಲಿನ ಶಾಲೆಯಲ್ಲಿ ಹತ್ತನೇ ಪಾಸು. ಪರೇಲಿನ ಕಮ್ಯುನಿಟಿ ಕಾಲೇಜಿನಲ್ಲಿ ಆರು ತಿಂಗಳ ರೊಬೊಟಿಕ್ಸ್ ಕೋರ್ಸು ಶುರುವಾಗುತ್ತದೆ, ಯಾವ ವಯಸ್ಸಿನವರಾದರೂ ಸೇರಬಹುದಂತೆ ಎಂದು ಗಂಡ ಜಾವೇದ ಸುದ್ದಿ ತಂದಾಗ ಅವಳು ನಕ್ಕುಬಿಟ್ಟಿದ್ದಳು. ಎರಡು ದಿನ ಬಿಟ್ಟು ತಾನೇ ಹೋಗಿ ಫಾರ್ಮು ತುಂಬಿ ಬಂದಳು.

ಕ್ಲಾಸು ಬೆಳಿಗ್ಗೆ ಎಂಟರಿಂದ ಹತ್ತು. ಕಲಿಸುವವರು ತಿಲಕ್ ಸರ್, ಉಡುಪಿ ಕಡೆಯವರು. ಹಿಂದಿಯಲ್ಲಿ ಪಾಠ ಮಾಡಿ, ಜೀನತಳ ಮುಖ ನೋಡಿ, ಅರ್ಥವಾಗಲಿಲ್ಲ ಅನ್ನಿಸಿದರೆ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ಮೊದಲ ತಿಂಗಳು ವೈರು, ಬ್ಯಾಟರಿ, ಸ್ವಿಚ್ಚು. ಎರಡನೆಯ ತಿಂಗಳು ಮೋಟಾರು. ಅದಾದ ಮೇಲೆ ಇಬ್ಬಿಬ್ಬರಿಗೆ ಒಂದೊಂದು ರೋಬೋ ಕೈ ಕೊಟ್ಟರು. ಮೊಳದುದ್ದದ ಕಬ್ಬಿಣದ ಕೈ. ಮರದ ತುಂಡನ್ನು ಒಂದು ತಟ್ಟೆಯಿಂದೆತ್ತಿ ಇನ್ನೊಂದರಲ್ಲಿ ಇಡಬೇಕು. ಕೊನೆಯ ಪರೀಕ್ಷೆ ಅದೇ.

ಜೀನತಳಿಗೆ ಜೊತೆಯಾದವಳು ಯಕ್ಷಿತಾ, ಹತ್ತೊಂಬತ್ತರ ಹುಡುಗಿ. ಅಪ್ಪನಿಗೆ ಸಾಂತಾಕ್ರೂಜಿನಲ್ಲಿ ಹೋಟೆಲು. ಕಂಪ್ಯೂಟರಿನ ಕೆಲಸ ಅವಳು ವಹಿಸಿಕೊಂಡಳು, ವೈರಿನ ಕೆಲಸ ಜೀನತ. ಎಲ್ಲಕ್ಕಿಂತ ಮೊದಲು ಜೀನತ ಕೂರಿಸಿದ್ದು ಒಂದು ಕೆಂಪು ಗುಂಡಿ. ಒತ್ತಿದರೆ ಮೋಟಾರುಗಳಿಗೆ ಕರೆಂಟು ಕಟ್. ಬೇರೆ ಯಾವ ಜೋಡಿಯೂ ಅದನ್ನು ಮಾಡಿರಲಿಲ್ಲ.

"ಇದು ಯಾಕೆ ಬೇಕು, ಆಂಟಿ? ಸಿಲೆಬಸ್‌ನಲ್ಲಿ ನಹೀ ಹೈ."

"ಇರ್ಲಿ ಬಿಡವಾ. ನನಗ ಬೇಕು."

ಒಂದು ದಿನ ತಿಲಕ್ ಸರ್ ಬಂದು ಗುಂಡಿ ನೋಡಿ ಮೆಚ್ಚಿದರು. ತಟ್ಟೆಯ ಮೇಲೆ ಚಾಕ್‌ಪೀಸೊಂದನ್ನಿಟ್ಟು, ಕೈ ಮೇಲೆದ್ದ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಿದರು. ಮೋಟಾರು ನಿಂತಿತು. ಆದರೆ ಕೈ ನಿಲ್ಲಲಿಲ್ಲ. ಹಿಡಿತ ತಪ್ಪಿ ಧಡಕ್ಕನೆ ತಟ್ಟೆಯ ಮೇಲೆ ಬಿತ್ತು. ಚಾಕ್‌ಪೀಸು ಪುಡಿಪುಡಿ.

"ಮೇಲೆ ಹಿಡಿದು ನಿಲ್ಲಿಸಿದ್ದೇ ಕರೆಂಟು, ಜೀನತ್ ಅವರೇ. ಅದನ್ನು ತೆಗೆದರೆ ಭಾರ ಕೆಳಗೆ ಬರದೆ ಇನ್ನೆಲ್ಲಿಗೆ ಹೋಗ್ತದೆ? ನಿಲ್ಲಿಸೋದು ಬೇರೆ, ಬಂದ್ ಮಾಡೋದು ಬೇರೆ."

ಜೀನತ ಪುಡಿಯನ್ನು ಅಂಗೈಗೆ ಬಳಿದುಕೊಂಡು ತಟ್ಟೆ ಒರೆಸಿದಳು. ಬಸ್ಸಿನಲ್ಲಿ ಕೂತಾಗಲೂ ಆ ಬಿಳಿ ಪುಡಿಯೇ ಕಣ್ಣ ಮುಂದೆ. ಆರು ವರ್ಷದಿಂದ ಅವಳು ನಂಬಿಕೊಂಡು ಬಂದಿದ್ದು ಒಂದೇ ಮಾತು: ಅವತ್ತು ಕೈಗೆಟಕುವಲ್ಲಿ ಒಂದು ಗುಂಡಿ ಇದ್ದಿದ್ದರೆ ಬೆರಳು ಉಳಿಯುತ್ತಿದ್ದವು. ಬರೀ ಗುಂಡಿ ಸಾಲದು ಎಂದು ಈಗ ಗೊತ್ತಾಯಿತು.

ಮರುದಿನ ಯಕ್ಷಿತಾ ಒಂದು ಉಪಾಯ ಹೇಳಿದಳು. ಕರೆಂಟು ಕತ್ತರಿಸುವುದು ಬೇಡ, ಗುಂಡಿ ಒತ್ತಿದ ಕೂಡಲೇ ಇದ್ದಲ್ಲೇ ನಿಲ್ಲುವಂತೆ ಪ್ರೋಗ್ರಾಮು ಬರೆದರಾಯಿತು.

"ಮತ್ತ ಲೈಟೇ ಹೋದ್ರ?" ಎಂದಳು ಜೀನತ.

ಆ ಸಂಜೆ ಜೀನತ ಧಾರಾವಿಯ ಗುಜರಿ ಅಂಗಡಿಗಳನ್ನು ಸುತ್ತಿ ಒಂದು ಹಿಡಿ ಸ್ಪ್ರಿಂಗು ಆರಿಸಿ ತಂದಳು. ಕೈಯ ಭಾರವನ್ನು ಸ್ಪ್ರಿಂಗು ಹೊತ್ತುಕೊಂಡರೆ ಕರೆಂಟು ಹೋದರೂ ಕೈ ಬೀಳಬಾರದು, ಇದು ಅವಳ ಲೆಕ್ಕ. ಮೊದಲನೆಯದು ಬಹಳ ಬಿಗಿ, ಕೈ ಕೆಳಗೇ ಇಳಿಯಲಿಲ್ಲ. ಎರಡನೆಯದು ಸಡಿಲ. ನಾಲ್ಕನೆಯದು ಒಂದೇ ದಿನಕ್ಕೆ ಕಿತ್ತುಬಂತು. ಎಂಟು ದಿನದ ಮೇಲೆ ಯಾವುದೋ ಹಳೇ ಕುರ್ಚಿಯ ಸ್ಪ್ರಿಂಗು ಹೊಂದಿಕೊಂಡಿತು. ವೈರನ್ನು ಕಿತ್ತರೂ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಆದರೆ ಕೆಳಗಿಳಿಯುವಾಗ ಮೋಟಾರು ಸ್ಪ್ರಿಂಗನ್ನು ಎಳೆಯಬೇಕಲ್ಲ, ಕೆಲಸ ನಿಧಾನವಾಯಿತು. ಬೇರೆಯವರ ಕೈ ನಿಮಿಷಕ್ಕೆ ಐದು ತುಂಡು ಎತ್ತಿದರೆ ಇವರದು ಮೂರು.

ಪರೀಕ್ಷೆಯ ದಿನ ಬೆಳಿಗ್ಗೆ ಜೀನತ ಬಂದು ನೋಡಿದರೆ ಸ್ಪ್ರಿಂಗು ಮೇಜಿನ ಮೇಲಿತ್ತು.

"ಸಾರಿ ಆಂಟಿ. ಸ್ಪೀಡಿಗೆ ಮಾರ್ಕ್ಸ್ ಇದೆ. ನನಗೆ ಡಿಪ್ಲೊಮಾ ಅಡ್ಮಿಶನ್ ಬೇಕು ನಾ. ಆಜ್ ಕೆ ಲಿಯೆ ಬಸ್, ಇವತ್ತೊಂದೇ ದಿನ."

ಜೀನತಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ದನಿ ಏರಿಸಲಿಲ್ಲ. "ಆತು. ಹಂಗ ಚಾಲೂ ಮಾಡು. ಆದ್ರ ಇವತ್ತ ತಟ್ಟಿಗೆ ತುಂಡು ಇಡೂ ಕೆಲಸ ನಿಂದು. ನಾ ಗುಂಡಿ ಹತ್ರ ನಿಂದ್ರತೀನಿ."

ಯಕ್ಷಿತಾ ಯಂತ್ರ ಚಾಲೂ ಮಾಡಿದಳು. ಕೈ ಮೇಲೆದ್ದಿತು. ಮರದ ತುಂಡು ಹಿಡಿದು ತಟ್ಟೆಯತ್ತ ಬಾಗಿದವಳು ಅರ್ಧಕ್ಕೇ ನಿಂತಳು. ಮೇಲೆ ನಿಂತ ಕಬ್ಬಿಣ ನೋಡಿದಳು, ಗುಂಡಿಯ ಮೇಲಿದ್ದ ಜೀನತಳ ಅರ್ಧ ಬೆರಳು ನೋಡಿದಳು. ತನ್ನ ಕೈ ಹಿಂದಕ್ಕೆ ತೆಗೆದುಕೊಂಡು, ಯಂತ್ರ ಬಂದ್ ಮಾಡಿ, ಸ್ಪ್ರಿಂಗನ್ನು ಮತ್ತೆ ಕೊಂಡಿಗೆ ಸಿಕ್ಕಿಸಿದಳು.

ಪರೀಕ್ಷೆಗೆ ಬಂದವರು ಯಾವುದೋ ಕಂಪನಿಯ ಮೇಡಂ. "ಇಷ್ಟು ನಿಧಾನ ಯಾಕೆ?" ಎಂದು ಹಿಂದಿಯಲ್ಲಿ ಕೇಳಿದರು. ಜೀನತ ಉತ್ತರ ಕೊಡುವ ಬದಲು ಪ್ಲಗ್ಗನ್ನೇ ಕಿತ್ತಳು. ಮೇಲೆದ್ದಿದ್ದ ಕಬ್ಬಿಣದ ಕೈ ಅಲ್ಲಾಡಲಿಲ್ಲ. ಮೇಡಂ ಏನೋ ಬರೆದುಕೊಂಡು ಮುಂದಿನ ಮೇಜಿಗೆ ಹೋದರು.

ಹನ್ನೊಂದು ಜೋಡಿಗಳಲ್ಲಿ ಇವರಿಗೆ ಬಂದದ್ದು ನಾಲ್ಕನೆಯ ಸ್ಥಾನ. ವೇಗಕ್ಕೆ ಹೋದ ಅಂಕ ಹೋದವೇ. ಯಕ್ಷಿತಾ ಆವತ್ತು ಅಂಕ ನೋಡಿದ್ದೇ ಲೋಕಲ್ ಟ್ರೇನು ಹಿಡಿದು ಹೋದಳು. ಡಿಪ್ಲೊಮಾಕ್ಕೆ ಅವಳಿಗೆ ಸೀಟು ಸಿಕ್ಕಿತು, ಬೇಕೆಂದ ಕಾಲೇಜಿನಲ್ಲಲ್ಲ, ಇನ್ನೊಂದರಲ್ಲಿ.

ಮುಂದಿನ ವಾರ ತಿಲಕ್ ಸರ್ ಇಬ್ಬರನ್ನೂ ಕರೆದರು. ಉಳಿದ ಹತ್ತು ಕೈಗಳಿಗೂ ಸ್ಪ್ರಿಂಗು ಹಾಕಿಯೇ ಹೊಸ ಬ್ಯಾಚಿಗೆ ಕೊಡಬೇಕು, ಮಾಡಿಕೊಡುತ್ತೀರಾ ಎಂದು ಕೇಳಿದರು. ವಾರಕ್ಕೆ ಮೂರು ದಿನ ಲ್ಯಾಬಿನಲ್ಲಿ ಸಹಾಯಕಿಯಾಗಿ ಬರುವುದಾದರೆ ಹೇಳಿ ಎಂದು ಜೀನತಳನ್ನು ಬೇರೆಯಾಗಿ ಕೇಳಿದರು. ಅವಳು ಒಪ್ಪಿಕೊಂಡಳು.

ಶನಿವಾರ ಇಬ್ಬರೂ ಲ್ಯಾಬಿನಲ್ಲಿ ಎದುರು ಬದುರು ಕೂತರು. ಯಕ್ಷಿತಾ ಹೋಟೆಲಿನಿಂದ ಬನ್ಸ್ ಕಟ್ಟಿಸಿಕೊಂಡು ಬಂದಿದ್ದಳು.

"ಮೊದಲು ತಿನ್ನೋಣ ಆಂಟಿ. ಗರಮ್ ಇದೆ."

"ತಿನ್ನು ನೀ. ನಾ ಇದೊಂದ ಸ್ಕ್ರೂ ಬಿಗಿ ಮಾಡಿ ಬರ್ತೀನಿ," ಎಂದಳು ಜೀನತ.