ಟೀಚರಮ್ಮನ ಗಂಟಲು

ಅಧ್ಯಕ್ಷರ ಕನ್ನಡಕದ ಎಡಗಾಜಿನಲ್ಲಿ ಟ್ಯೂಬ್‌ಲೈಟು ಬಿಳಿ ಹುಳುವಿನಂತೆ ಹೊರಳುತ್ತಿದೆ, ಅವರು ತಲೆ ಎತ್ತಿದರೆ ಹಣೆಯತ್ತ ಹತ್ತುತ್ತದೆ, ತಗ್ಗಿಸಿದರೆ ಮೂಗಿನತ್ತ ಜಾರುತ್ತದೆ, ಈಗ ಜಾರಿತು, ಓದುತ್ತಿದ್ದಾರೆ, ಮುಂದಿನ ವಿಷಯ, ನೆಲಮಹಡಿಯ ಈ ಹಾಲನ್ನು ವ್ಯಾಯಾಮಶಾಲೆಯಾಗಿ ಪರಿವರ್ತಿಸುವ ಬಗ್ಗೆ — ಪರಿವರ್ತಿಸುವ, ನಾಲಿಗೆ ಎಲ್ಲೂ ಎಡವಲಿಲ್ಲ, ಯಾಕೆ ಎಡವೀತು, ನಾನು ಹುಟ್ಟಿದ್ದೇ ಈ ಊರಲ್ಲಿ ಕಣಮ್ಮ ಅಂತ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುವ ಮನುಷ್ಯ, ಕಟ್ಟಡದ ಮಕ್ಕಳು ಅದಕ್ಕೇ ಹುಟ್ಟೂರಪ್ಪ ಅಂತ ಹೆಸರಿಟ್ಟಿದ್ದಾರೆ, ನಗು ಬರುತ್ತಿದೆ, ನಗಬಾರದು, ಪಾಳಿ ಮುಗಿಸಿ ಬಸ್ಸಿನ ಯೂನಿಫಾರ್ಮಿನಲ್ಲೇ ಓಡಿಬಂದು ಕೂತವಳು ಅವಳು, ನಕ್ಕರೆ ಚಾಲಕಿಗೆ ಶಿಸ್ತಿಲ್ಲ ಅಂದಾರು. ಇನ್ನು ಸ್ವಲ್ಪ ಹೊತ್ತಿಗೆ ಎದ್ದು ಮಾತಾಡಬೇಕು, ಹಾಲ್ ಉಳಿಸಿ ಅನ್ನಬೇಕು, ಆಮೇಲೆ ಮನೆಗೊಂದರಂತೆ ಕೈ ಎಣಿಸುತ್ತಾರೆ, ಕೈ ಕಡಿಮೆ ಬಿದ್ದರೆ ಟೀಚರಮ್ಮನ ಮೇಜು ಬೀದಿಗೆ — ಅಷ್ಟುದ್ದದ ಮೇಜು ಯಾರ ಮನೆ ಬಾಗಿಲಲ್ಲೂ ತೂರುವುದಿಲ್ಲ, ಇಲ್ಲಿಗಾದರೂ ಹೇಗೆ ಬಂತೋ, ಒಮ್ಮೆ ಕೇಳಿದ್ದಳು, ಮೇಜು ಮೊದಲಿತ್ತು ಕಣೇ, ಕಟ್ಟಡ ಆಮೇಲೆ ಅದರ ಸುತ್ತ ಕಟ್ಟಿದ್ದು, ಅಂದಿದ್ದರು ಟೀಚರಮ್ಮ, ಮುಖದಲ್ಲಿ ಒಂದು ಗೆರೆ ಅಲುಗದ ಹಾಗೆ, ಅವಳು ವಾರಗಟ್ಟಲೆ ನಂಬಿದ್ದಳು. ಆ ಮೇಜಿರುವ ಕಡೆ ಟ್ರೆಡ್‌ಮಿಲ್ ಬರುತ್ತದಂತೆ, ಎಷ್ಟು ಓಡಿದರೂ ಒಂದು ಸ್ಟಾಪೂ ಬಾರದ ಯಂತ್ರ, ಹೊಟ್ಟೆ ಕರಗಿಸುವವರಿಗೆ ಜಾಗ ಬೇಕಂತೆ, ಅದೂ ಇಷ್ಟು ಜನರ ಹೊಟ್ಟೆ ತುಂಬಿಸಿದ ಜಾಗವೇ ಆಗಬೇಕಂತೆ.

ಅವಳೂ ಒಂದು ಕಾಲಕ್ಕೆ ಅಲ್ಲೇ ಕೂತಿದ್ದಳು, ಮೇಜಿನ ಆ ತುದಿಯಲ್ಲಿ, ಈಗ ಖಜಾಂಚಿ ಮೊಣಕೈ ಊರಿಕೊಂಡಿದ್ದಾನಲ್ಲ ಅಲ್ಲಿ, ಊರಿಗೆ ಬಂದ ಹೊಸತು, ಇಲ್ಲಿನ ಭಾಷೆಯಲ್ಲಿ ಗೊತ್ತಿದ್ದದ್ದು ಹೌದು ಮತ್ತು ಸರಿ, ಅವೆರಡನ್ನು ಅದಲು ಬದಲು ಮಾಡಿ ದಿನ ದೂಡುತ್ತಿದ್ದಳು, ಬಾಗಿಲು ತಟ್ಟಿದ ಸದ್ದಾಯಿತು, ತೆರೆದರೆ ಗಿಡ್ಡ ಹೆಂಗಸೊಬ್ಬರು, ಕೈಯಲ್ಲಿ ಸೌಟು, ಹಿಂದೆ ಅವರ ಯಜಮಾನರು, ಗಡಿಯಾರ ರಿಪೇರಿಯವರು, ಹಣೆಯ ಮೇಲಕ್ಕೆ ಏರಿಸಿಕೊಂಡ ಒಂಟಿ ಭೂತಗನ್ನಡಿ, ಹಸಿವಾ ಅಂದರು ಟೀಚರಮ್ಮ, ಸರಿ ಅಂದಳು ಅವಳು, ಕೆಳಗೆ ಕರಕೊಂಡು ಬಂದರು. ಪಾಠ ಅಂದರೆ ಊಟ, ಊಟ ಅಂದರೆ ಪಾಠ, ತಟ್ಟೆಯ ಮೇಲೆ ಸೂಪಿನ ಸೌಟನ್ನು ಹಿಡಿದು ನಿಂತುಬಿಡುತ್ತಿದ್ದರು, ಕೇಳೋವರೆಗೂ ಬೀಳುವುದಿಲ್ಲ, ಆವಿ ಮೂಗಿಗೆ ಹೊಡೆಯುತ್ತಿದೆ, ಬಾಯಲ್ಲಿ ನೀರಿದೆ, ಮಾತಿಲ್ಲ, ಪೂರ್ತಿ ವಾಕ್ಯಕ್ಕೆ ಪೂರ್ತಿ ಸೌಟು, ಅರ್ಧ ವಾಕ್ಯಕ್ಕೆ ಅರ್ಧ ಸೌಟು, ಮೊದಲ ಸಂಜೆ ಅವಳಿಗೆ ಸಿಕ್ಕಿದ್ದು ಕಾಲು ಸೌಟು, ಆದರೆ ಹೊರಡುವಾಗ ಯಜಮಾನರು ಗುಟ್ಟಾಗಿ ಡಬ್ಬಿ ತುಂಬಿಕೊಟ್ಟರು, ಅದು ಗುಟ್ಟಲ್ಲ, ಅದೂ ಪಾಠದ ಭಾಗವೇ ಅಂತ ಗೊತ್ತಾಗಲು ಎಷ್ಟು ಕಾಲ ಹಿಡಿಯಿತು. ಮನೆಮಂದಿಯೆಲ್ಲ ದುಡಿಯಬೇಕು, ಹೆಣ್ಣುಮಕ್ಕಳು ಬಡಿಸಬೇಕು, ಮೊಮ್ಮಕ್ಕಳು ಲೋಟ ತೊಳೆಯಬೇಕು, ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಯ ಹಿರಿಯಳಿಯ ಈರುಳ್ಳಿ ಹೆಚ್ಚಬೇಕು, ಕಣ್ಣು ಒರೆಸಿಕೊಂಡರೆ, ಅಳಿಯ ಅಂದ್ಮೇಲೆ ಅಳಬೇಕಪ್ಪ, ಹೆಸರಲ್ಲೇ ಇದೆ, ಅನ್ನೋರು ಟೀಚರಮ್ಮ. ತಟ್ಟೆ ಮುಟ್ಟುವ ಮೊದಲು ಪ್ರಾರ್ಥನೆ, ಭಕ್ತಿ ಮೊದಲು ವಿಭಕ್ತಿ ಆಮೇಲೆ ಅನ್ನುತ್ತಿದ್ದರು, ನಿಮ್ಮ ನಿಮ್ಮ ದೇವರಿಗೆ ನಿಮ್ಮ ನಿಮ್ಮ ಭಾಷೇಲೇ ಹೇಳ್ಕೊಳಿ, ಅವನಿಗೆ ವ್ಯಾಕರಣ ಬೇಡ, ನನಗೆ ಬೇಕು, ಅಂದು ಕಣ್ಣು ಮುಚ್ಚಿದರೆ ಆ ಮುಖ, ಎಣ್ಣೆ ಹಚ್ಚಿದ ಬಾಗಿಲಿನಂತೆ, ಸದ್ದಿಲ್ಲದೆ ತೆರೆದುಕೊಳ್ಳುತ್ತಿತ್ತು, ಈ ನರ್ಸಮ್ಮನಿಗೆ ರಾತ್ರಿಪಾಳಿ ತಪ್ಪಿಸು ದೇವರೇ, ಇವಳಿಗೆ ಬಸ್ಸಿನ ಪರೀಕ್ಷೇಲಿ ಕ್ಲಚ್ಚು ಕೈಕೊಡದಿರಲಿ — ಕ್ಲಚ್ಚು ಕೈಕೊಡಲಿಲ್ಲ, ಕಾಲಲ್ಲಿ ಇರೋದು ಹೇಗೆ ಕೈಕೊಡುತ್ತೆ ಟೀಚರಮ್ಮ ಅಂತ ಕೇಳಿದ್ದಳು ಪಾಸಾದ ದಿನ, ಆ ಹೊತ್ತಿಗೆ ತಮಾಷೆ ಮಾಡುವಷ್ಟು ಭಾಷೆ ಬಂದಿತ್ತು, ಅವತ್ತು ಎರಡು ಸೌಟು.

ಮತ್ತೆ ಟೀಚರಮ್ಮನ ಆ ಗಂಟಲು. ಶಾಲೆಯ ಸುಣ್ಣದಕಡ್ಡಿಯ ಪುಡಿ ಅಷ್ಟು ವರ್ಷ ಕುಡಿದ ಗಂಟಲು, ಏನನ್ನಾದರೂ ಕೇಳಿಕೊಳ್ಳುವ ಮುಂಚೆ ಎರಡು ಬೆರಳು ಗಂಟಲ ಗುಳಿಗೆ ಒತ್ತಿ, ಹ್ಞಂ-ಹ್ಞಂ, ದಯವಿಟ್ಟು ಉಪ್ಪು ಕೊಡಿ, ಹ್ಞಂ-ಹ್ಞಂ, ದಯವಿಟ್ಟು ಬಾಗಿಲು ಹಾಕಿ, ಸುತ್ತ ಕೂತವರೆಲ್ಲ ನಿಷ್ಠೆಯಿಂದ ಬೆರಳೊತ್ತಿ ಹ್ಞಂ-ಹ್ಞಂ, ದಯವಿಟ್ಟು — ಅದೂ ಭಾಷೆಯದೇ ಅಂಗ ಅಂದುಕೊಂಡಿದ್ದರು, ಮರ್ಯಾದೆಗೆ ಮುಂಚೆ ಹಚ್ಚಬೇಕಾದ ಉಪಸರ್ಗ, ಟೀಚರಮ್ಮ ಅದನ್ನ ಬರೆಯೋದು ಹೇಗೆ ಅಂತ ಅವಳೇ ಒಂದು ದಿನ ಕೇಳಿದಳು, ಯಾವುದನ್ನೇ, ಅದೇ ಹ್ಞಂ-ಹ್ಞಂ, ಟೀಚರಮ್ಮ ನಕ್ಕರು, ಸೌಟು ಕೆಳಗಿಟ್ಟು ನಕ್ಕರು, ಕುರ್ಚಿ ಹಿಡಿದು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡು, ಬಿಡು, ಇರಲಿ, ಕೇಳೋ ಮುಂಚೆ ಒಂದು ಕ್ಷಣ ನಿಂತರೆ ಯಾರ ಗಂಟು ಹೋಗುತ್ತೆ. ಹಾಗೆ ಉಳಿಯಿತು, ಈಗಲೂ ಬಸ್ಸಿನಲ್ಲಿ ಮೈಕು ಹಿಡಿದರೆ ಹ್ಞಂ-ಹ್ಞಂ, ದಯವಿಟ್ಟು ಒಳಗೆ ಸರಿಯಿರಿ, ಶುಂಠಿ ಕಷಾಯ ಕುಡೀರಿ ಮೇಡಂ ಅನ್ನುವ ಪ್ರಯಾಣಿಕರಿದ್ದಾರೆ, ಆಸ್ಪತ್ರೆಯಲ್ಲಿ ನರ್ಸಮ್ಮ ಸೂಜಿ ಚುಚ್ಚುವ ಮುಂಚೆ, ಹ್ಞಂ-ಹ್ಞಂ, ದಯವಿಟ್ಟು ತೋಳು ಮೇಲೆ ಮಾಡಿ, ಈ ಊರಿನಲ್ಲಿ ಟೀಚರಮ್ಮನ ಮಕ್ಕಳನ್ನು ಗುರುತು ಹಿಡಿಯಲು ಬೇರೇನೂ ಬೇಡ. ಆಮೇಲೆ ಅತ್ತೆ, ಪಕ್ಕದಲ್ಲೇ ಕೂತಿದ್ದಾರೆ, ಪರ್ಸು ತೊಡೆಯ ಮೇಲೆ, ಮುಖ ಯುದ್ಧಕ್ಕೆ ಹೊರಟಂತೆ — ಅವಳ ಗಂಡನ ಹಿಂದೆ ಈ ಊರಿಗೆ ಬಂದ ಅತ್ತೆ ಕಿಟಕಿಯ ಬಳಿ ಕೂತವರು ಕೂತೇ ಬಿಟ್ಟಿದ್ದರು, ಮೂಕರಾಗಿದ್ದಾರೇನೋ ಅಂತ ಕೆಳಮನೆಯವರು ಕೇಳಿದ್ದರು, ಟೀಚರಮ್ಮ ಎಷ್ಟೋ ಸಂಜೆ ಅವರ ಪಕ್ಕ ಸುಮ್ಮನೆ ಕೂತು ಬಟಾಣಿ ಸುಲಿದರು, ಒಂದು ಪಾಠವಿಲ್ಲ, ಒಂದು ಪದವಿಲ್ಲ, ಕೊನೆಗೊಂದು ದಿನ ತುಂಬಿದ ಮೇಜಿನ ನಡುವೆ ಅತ್ತೆ ಚಮಚ ಕೆಳಗಿಟ್ಟು, ಹ್ಞಂ-ಹ್ಞಂ, ಈ ಸೂಪಿಗೆ ಉಪ್ಪು ಸಾಲದು, ನಿಮ್ಮ ದೊಡ್ಡ ಮಗಳು ಅಡುಗೆ ಕಲಿತಿಲ್ಲ — ಪೂರ್ತಿ ವಾಕ್ಯ, ಒಂದಲ್ಲ ಎರಡು, ಟೀಚರಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು, ದೂರು ಹೇಳೋಕೆ ಬಂತು ಅಂದ್ರೆ ಭಾಷೆ ಬಂತು ಅಂತಲೇ, ಇನ್ನು ಇವರನ್ನ ಯಾರೂ ತಡೆಯೋಕಾಗಲ್ಲ, ಅಂದರು, ಯಾರಿಗೂ ಆಗಿಲ್ಲ, ಗಂಡನಿಗಂತೂ ಇಲ್ಲವೇ ಇಲ್ಲ. ಹೋದ ಚಳಿಗಾಲ ಟೀಚರಮ್ಮ ಹೋದರು, ಸೌಟು ಅವಳ ಕೈಗೆ ಬಂತು, ಯಜಮಾನರು ಆಲೂಗಡ್ಡೆ ಸುಲಿಯುತ್ತಾರೆ, ಗಡಿಯಾರದ ಸ್ಕ್ರೂ ಬಿಚ್ಚುವಷ್ಟು ನಿಧಾನವಾಗಿ, ಮೂರನೇ ಮಹಡಿಗೆ ಹೊಸದಾಗಿ ಬಂದ ಹುಡುಗಿ ನಿನ್ನೆಯಷ್ಟೇ ಅರ್ಧ ವಾಕ್ಯಕ್ಕೆ ಬಂದಿದ್ದಾಳೆ, ಉಳಿದರ್ಧ ಎಲ್ಲಿ ಕಲಿಯಬೇಕು ಅವಳು, ಟ್ರೆಡ್‌ಮಿಲ್ಲಿನ ಮೇಲಾ.

ಯಾರಾದರೂ ಮಾತಾಡೋದಿದೆಯಾ, ಅಂದರು ಅಧ್ಯಕ್ಷರು, ಎದ್ದಳು, ಬಸ್ಸಿನಲ್ಲಿ ಎದುರಿಗೆ ರಸ್ತೆ, ಜನ ಬೆನ್ನ ಹಿಂದೆ, ಇಲ್ಲಿ ಮುಖಗಳೆಲ್ಲ ಎದುರಿಗೆ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಹಾರಿಹೋಯಿತು, ಬೆರಳು ತಾನಾಗಿ ಗಂಟಲಿಗೆ ಹೋಯಿತು, ಹ್ಞಂ-ಹ್ಞಂ, ದಯವಿಟ್ಟು ಈ ಹಾಲ್ ನಮಗೆ ಬಿಡಿ — ಅಷ್ಟೇ ಬಂದದ್ದು, ಖಜಾಂಚಿ ಮೊಣಕೈ ಎತ್ತದೆಯೇ, ಅಲ್ಲಮ್ಮ, ಊಟ, ಪಾಠ, ಅದೆಲ್ಲಾ ಅವರಿದ್ದಾಗ, ಈಗ... ಅಂತ ನಿಲ್ಲಿಸಿದ, ನಿಲ್ಲಿಸಬಾರದಿತ್ತು, ಯಾಕೆಂದರೆ ಅವಳ ಬಾಯಿಂದ ಹೊರಟದ್ದು ಅವಳ ದನಿಯಲ್ಲ, ಮೂಗು ಬೆರೆತ, ಕೊನೆಯಲ್ಲಿ ಸ್ವಲ್ಪ ಮೇಲೇಳುವ ಆ ದನಿ, ಅರ್ಧ ವಾಕ್ಯಕ್ಕೆ ಅರ್ಧ ಸೌಟು ಕಣಪ್ಪಾ, ಪೂರ್ತಿ ಹೇಳು — ಯಜಮಾನರು ತಟ್ಟನೆ ಬಾಗಿಲ ಕಡೆ ನೋಡಿದರು, ಪಾಪ, ಆಮೇಲೆ ನಗು, ಹಿಂದಿನ ಸಾಲಿನಿಂದ ಶುರುವಾಗಿ ಮುಂದಕ್ಕೆ ಉರುಳಿ ಬಂದ ನಗು, ಖಜಾಂಚಿಯ ಹೆಂಡತಿಯೂ ನಕ್ಕಳು, ನರ್ಸಮ್ಮ ಎದ್ದು ಹ್ಞಂ-ಹ್ಞಂ, ನಾನೂ ಅದನ್ನೇ ಹೇಳ್ತೀನಿ, ನಲ್ಲಿ ರಿಪೇರಿಯವನು ಹ್ಞಂ-ಹ್ಞಂ, ನಾನೂ, ಒಂದು ಮೂಲೆಯಿಂದ ಇನ್ನೊಂದಕ್ಕೆ ಗಂಟಲುಗಳು ಉತ್ತರ ಕೊಡುತ್ತಿವೆ, ಸಂಜೆ ಕಪ್ಪೆಗಳು ಒಂದಕ್ಕೊಂದು ಓಗೊಟ್ಟಂತೆ, ಸಾಕು ಸಾಕು ಅಂದರು ಅಧ್ಯಕ್ಷರು, ಮುಖ ಕೆಂಪಾಗಿದೆ, ಇದೇನು ಸಭೇನಾ ದವಾಖಾನೇನಾ, ಎಲ್ಲ ಕೂತ್ಕೊಳಿ, ಈಗ — ಎರಡು ಬೆರಳು ಮೇಲೆ ಹೋದವು, ಕಾಲರಿನ ಮೇಲೆ, ಗಂಟಲ ಗುಳಿಗೆ ಒತ್ತಿದವು, ಹ್ಞಂ-ಹ್ಞಂ, ದಯವಿಟ್ಟು ಕೈ ಎತ್ತಿ.

ಕಂಡಳು ಅವಳು. ಬೇರೆ ಯಾರು ಕಂಡರೋ ಗೊತ್ತಿಲ್ಲ, ಯಜಮಾನರು ಕಂಡರು, ಕಂಡದ್ದಲ್ಲ, ಮೊದಲಿಂದಲೂ ಗೊತ್ತಿತ್ತು ಆ ಮುದುಕರಿಗೆ, ಹುಟ್ಟೂರಪ್ಪ ಈ ಊರಿನಲ್ಲಿ ಹುಟ್ಟಿದ್ದು ಈ ಮೇಜಿನ ಮುಂದೆಯೇ ಅಂತ, ಯಾವುದೋ ದೂರದ ಕಾಲದಲ್ಲಿ, ಹೌದು ಮತ್ತು ಸರಿ ಹಿಡಿದು ಬಂದ ತೆಳ್ಳನೆಯ ಯುವಕ, ಅವನಿಗೂ ಹೊರಡುವಾಗ ತುಂಬಿದ ಡಬ್ಬಿ, ಗೊತ್ತಿದ್ದೂ ಲಿಫ್ಟಿನಲ್ಲಿ, ಹೌದಾ ಸ್ವಾಮಿ, ಇಲ್ಲೇ ಹುಟ್ಟಿದ್ದಾ, ಒಳ್ಳೇದಾಯ್ತು, ಅಂತ ಪ್ರತಿಸಲವೂ ಹೊಸದಾಗಿ ಕೇಳಿಸಿಕೊಂಡ ಮುದುಕರು, ಈಗ ಎದ್ದು ಒಂದು ಲೋಟ ನೀರು ತಂದು ಅಧ್ಯಕ್ಷರ ಮುಂದೆ ಇಟ್ಟು ಬಂದು ಕೂತರು, ಆಡಿಬಿಡಲೇ ಅನ್ನಿಸಿತು ಅವಳಿಗೆ, ನಾಲಿಗೆ ತುದಿಯಲ್ಲಿತ್ತು, ಹುಟ್ಟೂರಪ್ಪನನ್ನು ಎಲ್ಲರ ಮುಂದೆ ಇನ್ನೊಮ್ಮೆ ಹುಟ್ಟಿಸಿಬಿಡಬಹುದಿತ್ತು, ಆಡಲಿಲ್ಲ, ಬಂದವರನ್ನು ಎಲ್ಲಿಂದ ಬಂದಿರಿ ಅಂತ ಆ ಮೇಜಿನಲ್ಲಿ ಯಾರೂ ಮೊದಲು ಕೇಳಿದ್ದಿಲ್ಲ, ಹಸಿವಾ ಅಂತಲೇ ಕೇಳುವುದು. ಕೈಗಳೆದ್ದವು, ವ್ಯಾಯಾಮದ ಕೈಗಳು, ಗಟ್ಟಿ ತೋಳಿನ ಕೈಗಳು, ಅವನ್ನು ಎಣಿಸಿದರು, ಹಾಲ್ ಹಾಗೇ ಉಳಿಯಲಿ ಅನ್ನುವ ಕೈಗಳೆದ್ದವು, ಅತ್ತೆ ಎರಡು ಕೈ ಎತ್ತಿದರು, ಮನೆಗೊಂದೇ ಅಜ್ಜಿ ಅಂದ ಖಜಾಂಚಿ, ಒಂದು ನನ್ನದು ಒಂದು ಟೀಚರಮ್ಮಂದು, ಅಂದರು ಅತ್ತೆ, ಒಂದನ್ನು ಒತ್ತಾಯದಿಂದ ಇಳಿಸಬೇಕಾಯಿತು, ಎಣಿಸಿದ ಖಜಾಂಚಿ ಇನ್ನೊಮ್ಮೆ ಎಣಿಸಿದ, ಸಮ ಸಮ ಅಂದ, ಸಮ ಬಂದರೆ ಅಧ್ಯಕ್ಷರ ಕೈಯೇ ಕೊನೆ, ಆ ನಿಯಮ ಬರೆದವರೂ ಅವರೇ, ಈಗ ಎಲ್ಲರೂ ಅವರನ್ನೇ ನೋಡುತ್ತಿದ್ದಾರೆ, ಅವರು ನೀರನ್ನು ನೋಡುತ್ತಿದ್ದಾರೆ, ಲೋಟದಿಂದ ಮೇಜಿಗೆ, ಮೇಜಿನ ಮಾಸಿದ ಅಂಚಿಗೆ, ಅಲ್ಲಿಂದ ಯಜಮಾನರಿಗೆ, ಯಜಮಾನರು ಭೂತಗನ್ನಡಿಯನ್ನು ಅಂಗಿಯ ತುದಿಗೆ ಒರೆಸುತ್ತಿದ್ದಾರೆ, ಏನೂ ಗೊತ್ತಿಲ್ಲದವರ ಹಾಗೆ, ಎಂಥ ನಟ, ಹಾಲ್ ಹಾಗೇ ಇರಬೇಕು ಅನ್ನೋರು, ಅಂತ ಖಜಾಂಚಿ ಮತ್ತೆ ಶುರುಮಾಡುವಷ್ಟರಲ್ಲಿ ಒಂದು ಕೈ ಎದ್ದಿತು, ಬಿಳಿ ತೋಳು, ಇಸ್ತ್ರಿಯ ಗೆರೆ, ಬೆರಳ ಸಂದಿಯಲ್ಲಿ ಮುಚ್ಚಳ ತೆಗೆದ ಪೆನ್ನು, ಕೆಳಗಿಡಲು ಮರೆತ ಪೆನ್ನು, ಯಾರೋ ಕೂಗಿದರು, ಯಾರೋ ಅವಳ ಬೆನ್ನು ಗುದ್ದಿದರು, ಅತ್ತೆಯೇ ಇರಬೇಕು ಅಂಥ ಗುದ್ದು, ನರ್ಸಮ್ಮ ಅಳುತ್ತಾ ನಗುತ್ತಿದ್ದಾಳೆ, ಬರೆದುಕೊಂಡೆ ಸಾರ್, ಇಳಿಸಿ, ಅಂದ ಖಜಾಂಚಿ, ಗೆದ್ದೆವು ಕಣೇ, ಯಾರು ಅಂದದ್ದು, ಗೆದ್ದೆವು, ಕುರ್ಚಿಗಳು ಹಿಂದಕ್ಕೆ ಜರುಗುತ್ತಿವೆ, ಮೇಜು ಎಲ್ಲಿತ್ತೋ ಅಲ್ಲೇ, ಆದರೆ ಆ ಕೈ, ಸಾರ್ ಆಯ್ತು ಸಾರ್, ಆ ಕೈ, ಮೊಣಕೈ ಮಡಿಸದ, ತರಗತಿಯಲ್ಲಿ ಉತ್ತರ ಗೊತ್ತಿರುವವನ ಕೈ, ಪೆನ್ನಿನ ಮಸಿ ಮೆಲ್ಲನೆ ಬಿಳಿ ತೋಳಿಗೆ ಇಳಿಯುತ್ತಿದೆ, ಅವರಿಗೆ ಗೊತ್ತಿಲ್ಲ, ಕೈ, ಪೆನ್ನು, ಕೈ, ಇನ್ನೂ ಮೇಲೆ, ಇನ್ನೂ —