ಮೂರನೇ ಕೈ

ಅಣ್ಣ ತೀರಿಹೋದಾಗ ಅವನ ಹಾಡು ಅರ್ಧಕ್ಕೆ ನಿಂತಿತ್ತು. ಸಿಂಥ್‌ವೇವ್ ಅಂತಾರಲ್ಲ, ಹಳೇ ಸಿಂಥಸೈಜರ್ ಸದ್ದುಗಳನ್ನೇ ಪೋಣಿಸಿ, ಖಾಲಿ ರಸ್ತೆಯಲ್ಲಿ ಕಾರು ಓಡಿಸಿದ ಹಾಗೆ ಕೇಳಿಸುವ ಸಂಗೀತ, ಅವನಿಗೆ ಅದರದೇ ಹುಚ್ಚು. ಸ್ವಂತಕ್ಕೆ ಒಂದು ಸೈಕಲ್ಲೂ ಇರಲಿಲ್ಲ, ಅದು ಬೇರೆ ಮಾತು.

ಅದನ್ನು ಮುಗಿಸಿಯೇ ತೀರುತ್ತೇನೆಂದು ಹಟ ಹಿಡಿದೆ. ಅವನು ರೆಕಾರ್ಡ್ ಮಾಡಿಟ್ಟ ಮೊದಲರ್ಧ ಇತ್ತು, ಅವನ ಸಿಂಥಸೈಜರ್ ಕೀಬೋರ್ಡ್ ಇತ್ತು, ನುಡಿಸುವುದನ್ನು ಅವನೇ ಕಲಿಸಿದ್ದ. ಡ್ರಮ್ಮು, ಬೇಸು ಎಲ್ಲ ಕೂಡಿಸಿದೆ. ಆದರೆ ಅವನ ಮೊದಲರ್ಧದಲ್ಲಿ ನಡುವೆ ಒಂದು ಸದ್ದು ಬರುತ್ತದೆ. ಕಂಬಳಿ ಹೊದ್ದು ಮಾತಾಡಿದಂತೆ ಮಂಕಾಗಿ ಶುರುವಾಗಿ, ಮೆಲ್ಲಗೆ ಮುಸುಕು ಸರಿದು ತಿಳಿಯಾಗುತ್ತದೆ. ನಾನು ನುಡಿಸಿದರೆ ಮುಸುಕು ಸರಿಯುತ್ತಲೇ ಇರಲಿಲ್ಲ. ಅದಿಲ್ಲದಿದ್ದರೆ ಹಾಡು ನನ್ನದಾಗುತ್ತಿತ್ತು. ನನಗೆ ಬೇಕಾಗಿದ್ದದ್ದು ಅಣ್ಣ.

ಯಂತ್ರ ಕೆಟ್ಟಿದೆಯೆಂದು ರಿಪೇರಿಯವರನ್ನು ಕರೆಸಿದೆ. ಅಣ್ಣನ ರೆಕಾರ್ಡಿಂಗ್ ಕೇಳಿಸಿದೆ. ಬಿಚ್ಚಿ ನೋಡಿ ಮುಚ್ಚಿದರು.

“ಇದಕ್ಕೇನೂ ಆಗಿಲ್ಲಮ್ಮ. ನುಡಿಸ್ತಾ ನುಡಿಸ್ತಾ ಈ ನಾಬ್ ನಿಧಾನಕ್ಕೆ ತಿರುಗಿಸ್ಬೇಕು, ಅಷ್ಟೇ.”

“ಎರಡು ಕೈಯಲ್ಲೂ ನುಡಿಸ್ತಾ ಇರ್ತೀವಲ್ಲ?”

“ಹಂಗಾದ್ರೆ ನಿಮ್ಮಣ್ಣಂಗೆ ಮೂರು ಕೈ ಇತ್ತು ಅನ್ನಿ.”

ನಕ್ಕು ಹೊರಟರು. ನನಗೆ ಮೈಯೆಲ್ಲ ಉರಿಯಿತು. ಒಂದು ಕೈಯಲ್ಲಿ ನುಡಿಸಿ ಇನ್ನೊಂದರಲ್ಲಿ ನಾಬ್ ತಿರುಗಿಸಿ ನೋಡಿದೆ. ಅರ್ಧ ಸ್ವರಗಳೇ ಬಿಟ್ಟುಹೋದವು.

ಅಮ್ಮ ಆ ಯಂತ್ರವನ್ನು ‘ಗುಂಯ್ ಪೆಟ್ಟಿಗೆ’ ಎಂದೇ ಕರೆಯುವವಳು. ಅಣ್ಣ ಹೋದಮೇಲೆ ಅದಿದ್ದ ಕೋಣೆಗೆ ಕಾಲಿಟ್ಟಿರಲಿಲ್ಲ. ಅವತ್ತು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ಬಂದು ನಿಂತಳು.

“ಎಷ್ಟು ಸಲ ಅದನ್ನೇ ಕುಟ್ತೀಯೇ? ಸ್ವಲ್ಪ ಸರಿ.”

ಪಕ್ಕದಲ್ಲಿ ಕೂತಳು. ಅವಳ ಕೈ ನೆಟ್ಟಗೆ ಆ ನಾಬಿನ ಮೇಲೇ ಹೋಯಿತು.

“ನಿಂಗೆ ಹೇಗಮ್ಮ ಗೊತ್ತು?”

“ಒಲೆ ಮೇಲೆ ಏನಿದ್ರೂ ಬಿಡ್ತಿರ್ಲಿಲ್ಲ ಅವ್ನು. ಬಾರಮ್ಮ ಬಾರಮ್ಮ ಅಂತ ಎಳ್ಕೊಂಡು ಬರ್ತಿದ್ದ. ಇದನ್ನ ತಿರುಗಿಸೋದು ನನ್ನ ಕೆಲ್ಸ.”

“ಮತ್ತೆ ಇಷ್ಟು ದಿನ ಯಾಕೆ ಬರ್ಲಿಲ್ಲ?”

“ಯಾರು ಕರೆದ್ರು ನನ್ನ?”

ಮೊದಲಿಂದ ನುಡಿಸತೊಡಗಿದೆ. ಆ ಜಾಗ ಬಂತು. ಅಮ್ಮ ನಾಬ್ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು, ತಿರುಗಿಸಲಿಲ್ಲ.

“ತಿರುಗಿಸಮ್ಮ.”

“ಅವ್ನು ತಲೆ ಆಡಿಸ್ತಿದ್ದ,” ಎಂದಳು. “ಆಮೇಲೇ ತಿರುಗಿಸ್ತಿದ್ದೆ.”

ಮತ್ತೆ ಮೊದಲಿಂದ ಶುರು ಮಾಡಿದೆ. ಆ ಜಾಗ ಬಂದಾಗ ತಲೆ ಆಡಿಸಿದೆ. ಅಮ್ಮ ತಿರುಗಿಸಿದಳು. ಮುಸುಕು ಸರಿಯಿತು, ಅಣ್ಣನ ಹಾಡಿನಲ್ಲಿ ಸರಿಯುತ್ತಿದ್ದ ಹಾಗೆಯೇ.

ನುಡಿಸಿ ಮುಗಿಸಿದ ಮೇಲೂ ಅಮ್ಮ ನಾಬ್ ಬಿಡಲಿಲ್ಲ. ಅವಳ ಕಣ್ಣು ನನ್ನ ಮುಖದ ಮೇಲೆಯೇ ಇತ್ತು. ನಾನು ಮತ್ತೆ ಮೊದಲ ಸ್ವರಕ್ಕೆ ಬೆರಳಿಟ್ಟು, ಇನ್ನೊಮ್ಮೆ ತಲೆ ಆಡಿಸಿದೆ.